ದೊಡ್ಡ ಸಿಎನ್‌ಸಿ ಲೇತ್ ಕೊಂಡ ಅನುಭವ: ಉದ್ಯಮಬಾಗದ ಒಂದು ಶೆಡ್ಡಿನಿಂದ

ಹೋದ ವಾರ ನಮ್ಮ ಹೊಸ ಸಿಎನ್‌ಸಿ ಲೇತ್ (ಕಂಪ್ಯೂಟರ್ ಹಿಡಿತದಲ್ಲಿ ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವ ಯಂತ್ರ) ಮೇಲಿಂದ ಮೊದಲ ದೊಡ್ಡ ಶಾಫ್ಟ್ ಇಳಿಯಿತು. 1,000 ಮಿ.ಮೀ. ಸ್ವಿಂಗ್ (ತಿರುಗಿಸಬಹುದಾದ ಅತಿ ದೊಡ್ಡ ವ್ಯಾಸ), ತುಂಡನ್ನು ಎರಡೂ ತುದಿಯಲ್ಲಿ ಆನಿಸುವ ಸೆಂಟರ್‌ಗಳ ನಡುವೆ 4,000 ಮಿ.ಮೀ., ಫ್ಲಾಟ್ ಬೆಡ್ (ಮಟ್ಟಸವಾದ ತಳಹಾಸು), ಗೇರ್ ಇರುವ ಹೆಡ್‌ಸ್ಟಾಕ್ (ತುಂಡನ್ನು ತಿರುಗಿಸುವ ಭಾಗ). ಇದನ್ನು ಆರಿಸಿ, ಸಾಲ ಎತ್ತಿ, ಪಾಯ ಹಾಕಿ, ನಿಲ್ಲಿಸುವ ಹೊತ್ತಿಗೆ ಕಬ್ಬಿನ ಹಂಗಾಮು ಒಂದು ಸುತ್ತು ಮುಗಿದಿತ್ತು. ಇಷ್ಟು ದೊಡ್ಡ ಯಂತ್ರಕ್ಕೆ ಮೊದಲ ಬಾರಿ ಕೈಹಾಕುವ ಸಣ್ಣ ಶೆಡ್ಡಿನವರಿಗೆ ಯಾರನ್ನು ಏನು ಕೇಳಬೇಕೆಂಬುದೇ ಗೊತ್ತಿರುವುದಿಲ್ಲ. ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿ ಬೇರೆಯವರ ಬಿಡಿಭಾಗಗಳನ್ನು ಮಾಡಿಕೊಡುವ ಜಾಬ್‌ವರ್ಕ್ ಶೆಡ್ಡು. ಸಕ್ಕರೆ ಕಾರ್ಖಾನೆಗಳ ಕ್ಯಾರಿಯರ್ ಶಾಫ್ಟ್, ಗೇರ್‌ಬಾಕ್ಸಿನ ಶಾಫ್ಟ್, ಕ್ರೌನ್ ಪಿನಿಯನ್ನಿನ ಬ್ಲ್ಯಾಂಕ್, ಹೈಡ್ರಾಲಿಕ್ ಸಿಲಿಂಡರಿನ ದಪ್ಪ ರಾಡು, ಇವೇ ನಮ್ಮ ಅನ್ನ. ಅಕ್ಟೋಬರ್, ನವೆಂಬರಿನಲ್ಲಿ ಕಬ್ಬು ನುರಿಸುವುದು ಶುರುವಾದರೆ ಕಾರ್ಖಾನೆಯವರಿಗೆ ಉಸಿರಾಡಲು ಬಿಡುವಿಲ್ಲ. ಹಂಗಾಮು ಮುಗಿದು ಮಿಲ್ಲು ಬಿಚ್ಚಿದ ಮೇಲೆ ಸವೆದ ಶಾಫ್ಟ್‌ಗಳೆಲ್ಲ ಒಂದೇ ಸಮನೆ ಬಂದು ಬೀಳುತ್ತವೆ. ಅವನ್ನೆಲ್ಲ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದ ಬಂದ ಹಳೆಯ ಲೇತ್ ಮೇಲೆಯೇ ಮಾಡುತ್ತಿದ್ದೆವು. ಅದು ಇಂದಿಗೂ ನಿಯತ್ತಿನಿಂದ ದುಡಿಯುತ್ತದೆ. ಆದರೆ ಮೂರು ಮೀಟರ್ ಉದ್ದದ ಜಾಬು (ಕೆಲಸಕ್ಕೆ ಬಂದ ತುಂಡು) ಅದರಲ್ಲಿ ಹಿಡಿಸುವುದಿಲ್ಲ. ಅಂಥವನ್ನು ಕೊಲ್ಹಾಪುರದ ಕಡೆ ಕಳುಹಿಸಬೇಕಾಗುತ್ತಿತ್ತು. ಲಾರಿ ಬಾಡಿಗೆ ನಮ್ಮದು, ತಡವಾದರೆ ಬೈಗುಳವೂ ನಮ್ಮದು. ಗಿರಾಕಿ ನಮ್ಮನ್ನು ದಾಟಿ ನೇರವಾಗಿ ಅಲ್ಲಿಗೇ ಹೋಗತೊಡಗಿದಾಗ ಯಂತ್ರ ತರಲೇಬೇಕೆಂದು ನಿಶ್ಚಯಿಸಿದೆವು.

ಮೊದಲು ಮಾಡಿದ ಕೆಲಸ ಹಳೆಯ ಚಲನ್ ಪುಸ್ತಕಗಳನ್ನು ಬಿಡಿಸಿ ಕುಳಿತದ್ದು. ಹಿಂದಿನ ಮೂರು ವರ್ಷಗಳಲ್ಲಿ ಬಂದ ಮತ್ತು ನಾವು ವಾಪಸು ಕಳುಹಿಸಿದ ಪ್ರತಿಯೊಂದು ದೊಡ್ಡ ಜಾಬಿನ ವ್ಯಾಸ, ಉದ್ದ, ತೂಕ, ಲೋಹ, ಎಷ್ಟು ಮಿ.ಮೀ. ತೆಗೆಯಬೇಕಿತ್ತು ಎಂಬುದನ್ನು ಒಂದು ಹಾಳೆಗೆ ಇಳಿಸಿದೆ. ತೂಕ ಗೊತ್ತಿಲ್ಲದ ಕಡೆ ಲೆಕ್ಕ ಹಾಕಿದೆ. 400 ಮಿ.ಮೀ. ವ್ಯಾಸದ, 3 ಮೀಟರ್ ಉದ್ದದ ಉಕ್ಕಿನ ದುಂಡು ಹೆಚ್ಚುಕಡಿಮೆ ಮೂರು ಟನ್ ತೂಗುತ್ತದೆ. ಕಣ್ಣಂದಾಜಿಗೆ ಅಷ್ಟು ಅನ್ನಿಸುವುದಿಲ್ಲ. ಯಂತ್ರ ಕೊಳ್ಳಲು ಹೊರಟವರು ಯಾವ ಕಂಪನಿಗೂ ಫೋನ್ ಮಾಡುವ ಮೊದಲು ಈ ಹಾಳೆಯನ್ನು ಸಿದ್ಧಪಡಿಸಿಕೊಳ್ಳಿ. ಅದು ಕೈಯಲ್ಲಿ ಇಲ್ಲದಿದ್ದರೆ ಮಾರಾಟದವರು ತಮ್ಮ ಬಳಿ ಇರುವ ಯಂತ್ರಕ್ಕೆ ತಕ್ಕಂತೆ ನಿಮ್ಮ ಅಗತ್ಯವನ್ನು ತಿದ್ದಿಬಿಡುತ್ತಾರೆ.

ಹಾಳೆ ನೋಡಿದಾಗ 800 ಮಿ.ಮೀ. ಸ್ವಿಂಗ್ ಸಾಕೆಂದೇ ತೋರಿತು. ನಮ್ಮ ಅತಿ ದೊಡ್ಡ ಫ್ಲ್ಯಾಂಜಿನ (ಶಾಫ್ಟಿನ ಮೇಲಿನ ಅಗಲವಾದ ಬಿಲ್ಲೆ) ವ್ಯಾಸ 600. ಆಗ ತಡೆದವರು ನಮ್ಮ ಹಿರಿಯ ಟರ್ನರ್. ಶೆಡ್ಡಿನಲ್ಲಿ ಎಲ್ಲರಿಗೂ ಅವರು ಕಾಕಾ. ಹರಿಹರದ ಲೇತಿನ ಮುಂದೆಯೇ ಕೂದಲು ಬೆಳ್ಳಗಾದವರು. ಕ್ಯಾಟಲಾಗಿನ ಮೊದಲ ಸಾಲಿನಲ್ಲಿ ದೊಡ್ಡದಾಗಿ ಅಚ್ಚಾಗುವುದು ಬೆಡ್ಡಿನ ಮೇಲಿನ ಸ್ವಿಂಗ್. ಕತ್ತರಿಸುವ ಟೂಲನ್ನು ಹೊತ್ತು ಬೆಡ್ಡಿನ ಮೇಲೆ ಓಡುವ ಕ್ಯಾರೇಜ್ ಅಥವಾ ಕ್ರಾಸ್ ಸ್ಲೈಡಿನ ಮೇಲಿನ ಸ್ವಿಂಗ್ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿರುತ್ತದೆ. 800ರ ಯಂತ್ರದಲ್ಲಿ ಅದು 500ರ ಹತ್ತಿರಕ್ಕೆ ಇಳಿದಿತ್ತು. ಫ್ಲ್ಯಾಂಜು ಜಾಬನ್ನು ಹಿಡಿಯುವ ಚಕ್ಕಿನ ಪಕ್ಕದಲ್ಲೇ ಇದ್ದರೆ ತೊಂದರೆಯಿಲ್ಲ, ಕ್ಯಾರೇಜ್ ಅದರ ಕೆಳಗೆ ಹೋಗುವುದೇ ಇಲ್ಲ. ಆದರೆ ಫ್ಲ್ಯಾಂಜು ಶಾಫ್ಟಿನ ನಡುವೆ ಇದ್ದರೆ ಅದರ ಕೆಳಗೆ ಕ್ಯಾರೇಜ್ ನುಸುಳಬೇಕು. 600ರ ಫ್ಲ್ಯಾಂಜು ಆ ಯಂತ್ರದಲ್ಲಿ ತಗುಲುತ್ತಿತ್ತು. ನಾವು 1,000 ಸ್ವಿಂಗಿಗೆ ಏರಿದ್ದು ಈ ಒಂದೇ ಕಾರಣಕ್ಕೆ.

ಉದ್ದದಲ್ಲೂ ಇಂಥದ್ದೇ ಒಂದು ಮರೆ ಇದೆ. ಸೆಂಟರ್‌ಗಳ ನಡುವಿನ ಅಂತರವೆಂದು ಬರೆದದ್ದೆಲ್ಲ ಕೆಲಸಕ್ಕೆ ಸಿಗುವ ಉದ್ದವಲ್ಲ. ದೊಡ್ಡ ಚಕ್ ಕೂರಿಸಿದ ಮೇಲೆ ಅದರ ದಪ್ಪ, ಚಕ್ಕಿನ ದವಡೆ, ಅಂದರೆ ಜಾ, ಹಿಡಿಯುವ ಜಾಗ, ರಿವಾಲ್ವಿಂಗ್ ಸೆಂಟರಿನ ಮುಂಚಾಚು, ಟೂಲ್ ಪೋಸ್ಟ್ ಟೈಲ್‌ಸ್ಟಾಕಿಗೆ (ಜಾಬಿನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ತಾಗದಂತೆ ಬಿಡಬೇಕಾದ ಅಂತರ, ಇಷ್ಟೂ ಕಳೆಯಬೇಕು. 3,000ದ ಯಂತ್ರದಲ್ಲಿ ನಮ್ಮ ಮೂರು ಮೀಟರಿನ ಶಾಫ್ಟ್ ಕೂರುವುದಿಲ್ಲವೆಂಬುದು ಡ್ರಾಯಿಂಗ್ ಮೇಲೆ ಸ್ಕೇಲ್ ಇಟ್ಟು ನೋಡಿದಾಗ ಸ್ಪಷ್ಟವಾಯಿತು.

ತೂಕದ ವಿಷಯದಲ್ಲಿ ಒಂದಲ್ಲ, ಮೂರು ಅಂಕಿಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ: ಬರಿಯ ಚಕ್ಕಿನಲ್ಲಿ ಹಿಡಿದರೆ ಎಷ್ಟು, ಚಕ್ ಮತ್ತು ಟೈಲ್‌ಸ್ಟಾಕ್ ನಡುವೆ ಎಷ್ಟು, ಜಾಬಿನ ನಡುವೆ ಆಸರೆಯಾಗುವ ಸ್ಟೆಡಿ ಕೊಟ್ಟರೆ ಎಷ್ಟು. ಕ್ಯಾಟಲಾಗ್ ಇವುಗಳಲ್ಲಿ ದೊಡ್ಡದನ್ನು ಮಾತ್ರ ಹೇಳುತ್ತದೆ. ಜೊತೆಗೆ ರಿವಾಲ್ವಿಂಗ್ ಸೆಂಟರಿನ ಭಾರ ತಡೆಯುವ ಶಕ್ತಿಯನ್ನೂ ವಿಚಾರಿಸಿ. ಯಂತ್ರ ಐದು ಟನ್ ಹೊತ್ತರೂ ಅದರ ಸೆಂಟರ್ ಅಷ್ಟು ಹೊರದಿದ್ದರೆ ಫಲವಿಲ್ಲ.

2025ರ ಜನವರಿಯಲ್ಲಿ ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ನಡೆದ ಇಮ್‌ಟೆಕ್ಸ್ ಯಂತ್ರಮೇಳಕ್ಕೆ ಕಾಕಾನನ್ನೂ ಕರೆದುಕೊಂಡು ಹೋದೆ. ಲೋಹ ಕತ್ತರಿಸುವ ಯಂತ್ರಗಳ ಇಮ್‌ಟೆಕ್ಸ್ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಈಗ ಆ ಕೇಂದ್ರದ ಪಕ್ಕದ ಮಾದಾವರದ ತನಕ ಮೆಟ್ರೊ ಇರುವುದರಿಂದ ಹೋಗಿಬರುವುದು ಸುಲಭ. ಸಾಧ್ಯವಾದರೆ ನಿಮ್ಮ ಆಪರೇಟರನ್ನು ಬಿಟ್ಟು ಹೋಗಬೇಡಿ. ಮಳಿಗೆಯಿಂದ ಮಳಿಗೆಗೆ ಅಲೆದೆವು. ಎಲ್ಲರೂ ಮೋಟರಿನ ಕಿಲೋವ್ಯಾಟನ್ನೇ ಮುಂದಿಡುತ್ತಿದ್ದರು. ಕಾಕಾ ಮಾತ್ರ ಎಲ್ಲ ಕಡೆಯೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಐವತ್ತು ಆರ್‌ಪಿಎಂನಲ್ಲಿ ಇದು ಎಷ್ಟು ಎಳೆಯುತ್ತದೆ?" ನಿಮಿಷಕ್ಕೆ ಐವತ್ತೇ ಸುತ್ತಿನ ನಿಧಾನದಲ್ಲಿ ತಿರುಗಿಸುವ ಬಲ, ಅಂದರೆ ಟಾರ್ಕ್, ಎಷ್ಟು ಎಂಬುದು ಅದರ ಅರ್ಥ. ಹೆಚ್ಚಿನವರು ನಕ್ಕು, ಮೂವತ್ತು ಕಿಲೋವ್ಯಾಟ್ ಇದೆ ಸರ್, ಚಿಂತೆ ಬೇಡ ಎಂದರು. ಒಬ್ಬ ಹುಡುಗ ಮಾತ್ರ ಒಳಗೆ ಹೋಗಿ ಟಾರ್ಕ್ ಮತ್ತು ವೇಗದ ಗ್ರಾಫ್ ತಂದು ಮೇಜಿನ ಮೇಲೆ ಹರಡಿದ. ಆ ಗ್ರಾಫ್ ಇಲ್ಲದೆ ಭಾರೀ ಲೇತ್ ಕೊಳ್ಳುವುದೆಂದರೆ ದರಪಟ್ಟಿ ನೋಡಿ ಎತ್ತು ಕೊಂಡಂತೆ.

ಈ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. 600 ಮಿ.ಮೀ. ಫ್ಲ್ಯಾಂಜನ್ನು ನಿಮಿಷಕ್ಕೆ 100 ಮೀಟರ್ ಕತ್ತರಿಸುವ ವೇಗದಲ್ಲಿ ತಿರುಗಿಸಿದರೆ ಸ್ಪಿಂಡಲ್ (ಚಕ್ಕನ್ನು ತಿರುಗಿಸುವ ಮುಖ್ಯ ದಂಡ) ಸುಮಾರು 53 ಆರ್‌ಪಿಎಂನಲ್ಲಿ ತಿರುಗುತ್ತದೆ. 8 ಮಿ.ಮೀ. ಆಳ, 0.6 ಫೀಡ್ (ಒಂದು ಸುತ್ತಿಗೆ ಟೂಲ್ ಸರಿಯುವ ಮಿ.ಮೀ.) ಕೊಟ್ಟು, ಉಕ್ಕಿನ ಕತ್ತರಿಸುವ ಪ್ರತಿರೋಧವನ್ನು ಚದರ ಮಿ.ಮೀ.ಗೆ 2,000 ನ್ಯೂಟನ್ ಎಂದು ಹಿಡಿದರೆ, ಟೂಲಿನ ಮೇಲೆ ಬೀಳುವ ಬಲ 9,600 ನ್ಯೂಟನ್. ಅದನ್ನು ತ್ರಿಜ್ಯದಿಂದ, ಅಂದರೆ 0.3 ಮೀಟರಿನಿಂದ ಗುಣಿಸಿದರೆ 2,880 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಪವರ್ ಲೆಕ್ಕ ಹಾಕಿದರೆ 16 ಕಿಲೋವ್ಯಾಟ್ ಮಾತ್ರ. ಮೂವತ್ತರ ಮೋಟರಿಗೆ ಇದು ಲೆಕ್ಕಕ್ಕೇ ಇಲ್ಲ ಎನ್ನಿಸುತ್ತದೆ, ಅಲ್ಲವೆ?

ಆದರೆ ಮೋಟರ್ ತನ್ನ ಪೂರ್ತಿ ಪವರ್ ಕೊಡುವುದು ಬೇಸ್ ಸ್ಪೀಡ್ ಮುಟ್ಟಿದ ಮೇಲೆ. ಅದಕ್ಕಿಂತ ಕೆಳಗೆ ಟಾರ್ಕ್ ಅಷ್ಟೇ ಇರುತ್ತದೆ, ಪವರ್ ವೇಗದ ಜೊತೆ ಇಳಿಯುತ್ತ ಹೋಗುತ್ತದೆ. 1,150 ಆರ್‌ಪಿಎಂ ಬೇಸ್ ಸ್ಪೀಡಿನ 30 ಕಿಲೋವ್ಯಾಟ್ ಮೋಟರನ್ನು ಬರಿಯ ಬೆಲ್ಟಿನಿಂದ ಎರಡಕ್ಕೆ ಒಂದರಂತೆ ಸ್ಪಿಂಡಲ್‌ಗೆ ಜೋಡಿಸಿದರೆ ಸಿಗುವ ಟಾರ್ಕ್ 500 ನ್ಯೂಟನ್ ಮೀಟರಿನಷ್ಟು. ನಮಗೆ ಬೇಕಾದದ್ದರ ಐದರಲ್ಲಿ ಒಂದು ಪಾಲೂ ಇಲ್ಲ. ಅದೇ ಮೋಟರಿಗೆ ಗೇರ್‌ಬಾಕ್ಸ್ ಸೇರಿಸಿ, ಲೋ ಗೇರಿನಲ್ಲಿ ಒಟ್ಟು ಹದಿನಾರಕ್ಕೆ ಒಂದು ಬಂದರೆ ಟಾರ್ಕ್ 4,000ದ ಹತ್ತಿರ ಹೋಗುತ್ತದೆ. ಮೋಟರ್ ಅದೇ, ಕಿಲೋವ್ಯಾಟ್ ಅದೇ, ಕರೆಂಟ್ ಬಿಲ್ಲೂ ಹೆಚ್ಚುಕಡಿಮೆ ಅದೇ. ಒಂದು ಯಂತ್ರ ಲೋಹದ ಚಿಪ್ಪು ಸೀಳುತ್ತದೆ, ಇನ್ನೊಂದು ಅಲಾರಂ ಕೊಟ್ಟು ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮವಿದೆ. 37/30 ಎಂದು ಎರಡು ಅಂಕಿ ಬರೆದಿದ್ದರೆ ದೊಡ್ಡದು ಸಾಮಾನ್ಯವಾಗಿ ಅರ್ಧ ಗಂಟೆಯ ರೇಟಿಂಗ್, ಸಣ್ಣದು ನಿರಂತರ. ನಮ್ಮ ಒರಟು ಟರ್ನಿಂಗ್ ಅರ್ಧ ಗಂಟೆಗೆ ಮುಗಿಯುವುದಲ್ಲ, ಹಾಗಾಗಿ ಸಣ್ಣ ಅಂಕಿಯನ್ನೇ ನಂಬಿ ಲೆಕ್ಕ ಹಾಕಿದೆವು.

ಆ ಗ್ರಾಫಿನ ನಂತರ ಪಟ್ಟಿಯಲ್ಲಿದ್ದ ಅರ್ಧಕ್ಕಿಂತ ಹೆಚ್ಚು ಯಂತ್ರಗಳು ತಾವಾಗಿಯೇ ಉದುರಿಹೋದವು. ಮನಸ್ಸಿಗೆ ಮೊದಲ ಬಾರಿ ಹಗುರ ಎನ್ನಿಸಿತು.

ನಡುವೆ ಹಳೆಯ ಯಂತ್ರದ ಆಸೆಯೂ ಬಂತು. ಯುರೋಪಿನಿಂದ ಬಂದ ಭಾರೀ ಲೇತ್ ಒಂದನ್ನು ಸಿಎನ್‌ಸಿಗೆ ಬದಲಾಯಿಸಿ ಮಾರುತ್ತಿದ್ದರು. ಬೆಲೆ ಹೊಸದರ ಅರ್ಧ. ಬಣ್ಣ ಹೊಸದು, ಕಂಟ್ರೋಲ್ ಹೊಸದು, ನೋಡಲು ಭರ್ಜರಿಯಾಗಿತ್ತು. ಕಾಕಾ ಡಯಲ್ ಗೇಜು (ಸೂಕ್ಷ್ಮ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ), ಟೆಸ್ಟ್ ಮ್ಯಾಂಡ್ರಲ್ (ನಿಖರವಾದ ಉಕ್ಕಿನ ದಂಡ) ತೆಗೆದುಕೊಂಡೇ ಬಂದಿದ್ದರು. ಲೇತಿನ ಬೆಡ್ಡು ಸವೆಯುವುದು ಚಕ್ಕಿನ ಹತ್ತಿರ, ಏಕೆಂದರೆ ಹೆಚ್ಚಿನ ಕೆಲಸ ನಡೆಯುವುದು ಅಲ್ಲಿಯೇ. ಟೈಲ್‌ಸ್ಟಾಕ್ ಕಡೆಯ ಬೆಡ್ಡು ಹೊಸದರಂತೆಯೇ ಉಳಿದಿರುತ್ತದೆ. ಕ್ಯಾರೇಜನ್ನು ತುದಿಯಿಂದ ತುದಿಗೆ ನಿಧಾನಕ್ಕೆ ಸರಿಸುತ್ತ ಹೋದಾಗ ಮುಳ್ಳು ಅರ್ಧ ದಾರಿಯ ತನಕ ಅಲುಗಲಿಲ್ಲ. ಚಕ್ಕಿನ ಹತ್ತಿರ ಬರುತ್ತಿದ್ದಂತೆ ಇಳಿಯತೊಡಗಿತು. ಕಾಕಾ ಏನೂ ಹೇಳದೆ ಗೇಜನ್ನು ಒರೆಸಿ ಪೆಟ್ಟಿಗೆಗೆ ಹಾಕಿದರು. ಹಳೆಯದು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಬೆಡ್ಡನ್ನು ಮತ್ತೆ ಗ್ರೈಂಡ್ ಮಾಡಿಸಿದ ದಾಖಲೆ ಇದ್ದು, ಗೇರು ಮತ್ತು ಬೇರಿಂಗ್ ಸಿಗುವಂತಿದ್ದರೆ ಲಾಭದ ವ್ಯವಹಾರವೇ. ಆದರೆ ಹಳೆಯ ಯಂತ್ರಕ್ಕೆ ಬ್ಯಾಂಕು ಸಾಲ ಕೊಡಲು ಹಿಂದೇಟು ಹಾಕುತ್ತದೆ, ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ ಕೇಳುತ್ತದೆ. ಅದನ್ನೂ ಮನಸ್ಸಿನಲ್ಲಿಡಿ.

ಸ್ಲ್ಯಾಂಟ್ ಬೆಡ್ಡೋ (ಇಳಿಜಾರಿನದು) ಫ್ಲಾಟ್ ಬೆಡ್ಡೋ ಎಂಬ ಚರ್ಚೆ ಎಲ್ಲ ಕಡೆ ನಡೆಯುತ್ತದೆ. ಒಂದೇ ಜಾಬನ್ನು ಸಾವಿರ ಸಲ ಮಾಡುವವರಿಗೆ ಸ್ಲ್ಯಾಂಟ್ ಬೆಡ್ ಚೆಂದ. ಚಿಪ್ಪು ತಾನಾಗಿ ಜಾರಿ ಬೀಳುತ್ತದೆ, ಟೂಲ್ ಬದಲಾವಣೆ ಚುರುಕು. ನಮ್ಮದು ಇವತ್ತೊಂದು ಶಾಫ್ಟ್, ನಾಳೆ ಇನ್ನೊಂದು ಕಾಸ್ಟಿಂಗ್. ಕ್ರೇನಿನಿಂದ ಮೂರು ಟನ್ ಇಳಿಸಿ, ನಾಲ್ಕು ಜಾ ಚಕ್ಕಿನಲ್ಲಿ ಸೆಂಟರ್ ಹಿಡಿದು ಕೂರಿಸಲು ಫ್ಲಾಟ್ ಬೆಡ್ಡೇ ಅನುಕೂಲ. ಅಷ್ಟು ಉದ್ದದ, ಅಷ್ಟು ತೂಕದ ಸ್ಲ್ಯಾಂಟ್ ಬೆಡ್ಡಿನ ಬೆಲೆ ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಕ್ಯಾರೇಜ್ ಓಡುವ ಹಳಿ, ಅಂದರೆ ಗೈಡ್‌ವೇ ವಿಷಯದಲ್ಲೂ ಹೀಗೆಯೇ. ಉರುಳೆಗಳ ಮೇಲೆ ಸರಿಯುವ ಎಲ್‌ಎಂ ಗೈಡ್‌ವೇ ವೇಗವಾಗಿ ಓಡುತ್ತದೆ, ಆದರೆ ನಮ್ಮಲ್ಲಿಗೆ ಬರುವುದು ವೆಲ್ಡಿಂಗ್ ತುಂಬಿದ ಶಾಫ್ಟ್, ಮೇಲೆ ಗಟ್ಟಿ ಚೆಕ್ಕೆ ಕಟ್ಟಿದ ಫೋರ್ಜಿಂಗ್ (ಕಾಯಿಸಿ ಬಡಿದು ರೂಪಿಸಿದ ತುಂಡು). ಟೂಲಿಗೆ ಹೊಡೆತದ ಮೇಲೆ ಹೊಡೆತ. ಆ ಅದುರನ್ನು ನುಂಗುವುದು ಅಗಲವಾದ, ಹದ ಕೊಟ್ಟು ಗ್ರೈಂಡ್ ಮಾಡಿದ ಬಾಕ್ಸ್ ವೇ.

ಕಂಟ್ರೋಲ್, ಅಂದರೆ ಯಂತ್ರ ನಡೆಸುವ ಕಂಪ್ಯೂಟರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಫ್ಯಾನಕ್ ಆಗಲಿ ಸೀಮೆನ್ಸ್ ಆಗಲಿ, ನಿಮ್ಮ ಊರಿನ ಹುಡುಗರು ಯಾವುದರ ಮೇಲೆ ಕೈ ಪಳಗಿಸಿದ್ದಾರೆ, ಕೆಟ್ಟರೆ ಎಂಜಿನಿಯರ್ ಎಷ್ಟು ದೂರದಿಂದ ಬರಬೇಕು ಎಂಬುದು ಮುಖ್ಯ. ಬೆಳಗಾವಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕಲಿತ ಹುಡುಗ ನಮ್ಮಲ್ಲಿದ್ದಾನೆ, ಅವನಿಗೆ ಒಗ್ಗಿದ್ದನ್ನೇ ಆರಿಸಿದೆವು.

ಇನ್ನು ಹಣ. ಯಂತ್ರದ ಮೂಲಬೆಲೆ ಒಂದು ಕೋಟಿಯ ಆಸುಪಾಸು. ಹೈಡ್ರಾಲಿಕ್ ಸ್ಟೆಡಿ, ಚಿಪ್ ಕನ್ವೇಯರ್, ದೊಡ್ಡ ಚಕ್, ಎಲೆಕ್ಟ್ರಿಕಲ್ ಪ್ಯಾನೆಲ್ಲಿನ ಎಸಿ, ಇವೆಲ್ಲ ಆ ಬೆಲೆಯ ಹೊರಗಿದ್ದವು. ಕೊಟೇಶನ್ ಬಂದ ಕೂಡಲೇ "ಐಚ್ಛಿಕ" ಎಂಬ ಪುಟವನ್ನು ಮೊದಲು ಓದಿ. ಭಾರೀ ಕೆಲಸಕ್ಕೆ ಅನಿವಾರ್ಯವಾದುದೆಲ್ಲ ಅಲ್ಲಿಯೇ ಇರುತ್ತದೆ. ಅದರ ಮೇಲೆ ಶೇ. 18 ಜಿಎಸ್‌ಟಿ. ಒಂದು ಕೋಟಿಗೆ ಹದಿನೆಂಟು ಲಕ್ಷ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ ನಿಜ, ಆದರೆ ಅದು ನಮ್ಮ ಮುಂದಿನ ಬಿಲ್ಲುಗಳ ತೆರಿಗೆಗೆ ಸ್ವಲ್ಪ ಸ್ವಲ್ಪವೇ ವಜಾ ಆಗುತ್ತದೆ. ಕೈಯಿಂದ ಹೋಗುವುದು ಮಾತ್ರ ಒಂದೇ ಸಲ. ನಮ್ಮ ಬ್ಯಾಂಕು ಜಿಎಸ್‌ಟಿ ಮೊತ್ತವನ್ನು ಸಾಲದ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಹದಿನೆಂಟು ಲಕ್ಷ ಹೊಂದಿಸಲು ಪಟ್ಟ ಪಾಡು ಇಡೀ ಪ್ರಯಾಣದಲ್ಲೇ ಕಷ್ಟದ ಭಾಗ. ಅವ್ವ ತನ್ನ ಠೇವಣಿ ಮುರಿಸಿ ಕೊಟ್ಟಳು. ನಾನು ಬೇಡವೆಂದೆ, ಅವಳು ಕೇಳಲಿಲ್ಲ. ಇನ್ನೊಂದು ಎಚ್ಚರಿಕೆ: ಕ್ರೆಡಿಟ್ ತೆಗೆದುಕೊಂಡ ತೆರಿಗೆಯ ಮೊತ್ತದ ಮೇಲೆ ಸವಕಳಿ ಪಡೆಯುವಂತಿಲ್ಲ, ಎರಡರಲ್ಲಿ ಒಂದೇ. ನಿಮ್ಮ ಲೆಕ್ಕಿಗರಿಗೆ ಮೊದಲೇ ತಿಳಿಸಿಬಿಡಿ.

ಬ್ಯಾಂಕಿಗೆ ಬೇಕಾದ ಕಾಗದಗಳು ಊಹಿಸಿದಂತೆಯೇ ಇದ್ದವು: ಉದ್ಯಮ್ ನೋಂದಣಿ, ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್, ಪ್ರೊಫಾರ್ಮಾ ಇನ್‌ವಾಯ್ಸ್, ಶೆಡ್ಡಿನ ಪತ್ರಗಳು, ಪ್ರಾಜೆಕ್ಟ್ ರಿಪೋರ್ಟ್. ಪೂರ್ತಿ ಅಡಮಾನ ಇಡಲು ಆಸ್ತಿ ಇಲ್ಲದವರು ಸಣ್ಣ ಉದ್ಯಮಗಳ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ಸಿಜಿಟಿಎಂಎಸ್‌ಇ ಯೋಜನೆಯ ಬಗ್ಗೆ ತಾವೇ ಬಾಯಿಬಿಟ್ಟು ಕೇಳಬೇಕು. 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ ರೂಪಾಯಿಗೆ ಏರಿದೆ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುವ ತನಕ ಬೆಲೆಯ ಕೊಟೇಶನ್ನಿನ ಅವಧಿ ಮುಗಿದು, ಮತ್ತೆ ಹೊಸದಾಗಿ ತರಿಸಬೇಕಾಯಿತು. ಕೊಟೇಶನ್ನಿನ ಅವಧಿಯನ್ನು ಆರಂಭದಲ್ಲೇ ಉದ್ದ ಮಾಡಿಸಿಕೊಳ್ಳಿ. ಮರುಪಾವತಿಯ ವಿರಾಮವನ್ನು ಸಾಲ ಬಿಡುಗಡೆಯ ದಿನದಿಂದ ಎಣಿಸದೆ, ಯಂತ್ರ ಚಾಲೂ ಆಗುವ ದಿನದಿಂದ ಎಣಿಸುವಂತೆ ಮಂಜೂರಾತಿ ಪತ್ರದಲ್ಲಿ ಬರೆಸಿಕೊಳ್ಳಲು ಪ್ರಯತ್ನಿಸಿ. ಯಂತ್ರ ಬರುವುದು ತಡವಾದಷ್ಟೂ ಆ ಒಂದು ಸಾಲಿನ ಬೆಲೆ ತಿಳಿಯುತ್ತದೆ.

ಮುಂಗಡ ಕೊಟ್ಟು ಕಾಯುವ ಕಾಲದಲ್ಲಿ ಶೆಡ್ಡಿನ ಕೆಲಸ ಹಿಡಿದೆವು. ಪಾಯದ ಡ್ರಾಯಿಂಗನ್ನು ಯಂತ್ರ ತಯಾರಕರೇ ಕೊಡುತ್ತಾರೆ, ಆದರೆ ಅದು ಗಟ್ಟಿ ನೆಲ ಇದೆ ಎಂದುಕೊಂಡು ಬರೆದದ್ದು. ನಾವು ಅಗೆದಾಗ ಸಿಕ್ಕಿದ್ದು ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಮಣ್ಣಿನ ಮೇಲೆ ಹದಿನೈದು ಟನ್ನಿಗೂ ಮಿಕ್ಕಿದ ಯಂತ್ರ ನಿಲ್ಲಿಸಿದರೆ ಬೆಡ್ಡು ತಿರುಚಿಕೊಳ್ಳುತ್ತದೆ. ಸಿವಿಲ್ ಎಂಜಿನಿಯರರನ್ನು ಕರೆಸಿ, ಎರೆ ಮಣ್ಣು ಮುಗಿಯುವ ತನಕ ತೋಡಿ, ಗರಸು ತುಂಬಿ ದಮ್ಮಸು ಹೊಡೆಸಿ, ಆಮೇಲೆ ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕಿದೆವು. ಪಾಯದ ಸುತ್ತ ಅಂತರ ಬಿಟ್ಟು ಶೆಡ್ಡಿನ ನೆಲಕ್ಕೆ ಅಂಟದಂತೆ ನೋಡಿಕೊಂಡೆವು. ಪಕ್ಕದ ಪವರ್ ಹ್ಯಾಕ್ಸಾ ಅದುರು ಇದಕ್ಕೆ ತಲುಪಬಾರದಲ್ಲ. ಬೆಳಗಾವಿಯ ಮಳೆ ಗೊತ್ತೇ ಇದೆ. ಗುಂಡಿಯಲ್ಲಿ ನೀರು ನಿಂತು ಪಂಪು ಇಟ್ಟು ಎತ್ತಿದ್ದೂ ಆಯಿತು. ಕಾಂಕ್ರೀಟಿಗೆ 28 ದಿನದ ಕ್ಯೂರಿಂಗ್ ಕೊಡಲೇಬೇಕು. ಯಂತ್ರ ಗೇಟಿಗೆ ಬಂದಿದೆ ಎಂಬ ಅವಸರಕ್ಕೆ ಅದನ್ನು ಮೊಟಕು ಮಾಡಬೇಡಿ.

ಕರೆಂಟಿಗೆ ಅರ್ಜಿಯನ್ನು ಯಂತ್ರದ ಆರ್ಡರ್ ಕೊಟ್ಟ ದಿನವೇ ಹಾಕಿ. ಸ್ಪಿಂಡಲ್ ಮೋಟರ್ ಮಾತ್ರ ಲೆಕ್ಕ ಹಾಕಿದರೆ ಸಾಲದು. ಸರ್ವೊ, ಹೈಡ್ರಾಲಿಕ್, ಕೂಲಂಟ್ ಪಂಪು, ಕನ್ವೇಯರ್ ಎಲ್ಲ ಸೇರಿ ಒಟ್ಟು ಕೆವಿಎ ಎಷ್ಟೆಂದು ತಯಾರಕರಿಂದ ಲಿಖಿತವಾಗಿ ಪಡೆದು ಹೆಚ್ಚುವರಿ ಲೋಡಿಗೆ ಕೇಳಬೇಕು. ಎಸ್ಟಿಮೇಟ್, ಠೇವಣಿ, ಮೀಟರ್ ಬದಲಾವಣೆ, ಒಂದಾದ ಮೇಲೆ ಒಂದು. ಸರ್ವೊ ಸ್ಟೆಬಿಲೈಸರ್ ಮತ್ತು ಈ ಯಂತ್ರಕ್ಕೇ ಪ್ರತ್ಯೇಕವಾದ ಅರ್ತ್ ಗುಂಡಿ ನಮ್ಮ ಖರ್ಚು. ಅರ್ತಿಂಗ್ ಪ್ರತಿರೋಧ ಒಂದು ಓಮ್ ಒಳಗಿರಬೇಕೆಂಬುದು ತಯಾರಕರ ಷರತ್ತು. ಅದು ಸರಿಯಿಲ್ಲದೆ ಡ್ರೈವ್ ಸುಟ್ಟರೆ ವಾರಂಟಿ ಅನ್ವಯಿಸುವುದಿಲ್ಲ ಎಂದೂ ಬರೆದಿತ್ತು. ಗುಂಡಿ ತೋಡಿಸಿ, ಮೀಟರ್ ಇಟ್ಟು ಅಳೆದು, ಆ ರೀಡಿಂಗಿನ ಫೋಟೊ ಇಟ್ಟುಕೊಂಡಿದ್ದೇನೆ.

ಯಂತ್ರ ಸಿದ್ಧವಾಗಿದೆ, ಬಂದು ನೋಡಿ ಎಂಬ ಕರೆ ಬಂತು. ಕಳುಹಿಸುವ ಮುನ್ನ ಅಲ್ಲಿಯೇ ನಡೆಯುವ ಈ ತಪಾಸಣೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಒಪ್ಪಂದದಂತೆ ತಪಾಸಣೆ ಮುಗಿದು ಸಹಿ ಬಿದ್ದ ಮೇಲೆ ಬ್ಯಾಂಕು ಉಳಿದ ಹಣ ಪೂರ್ತಿ ಬಿಡುಗಡೆ ಮಾಡುತ್ತದೆ, ಆಮೇಲೆ ಲಾರಿ ಹೊರಡುತ್ತದೆ. ನಿಮ್ಮ ಮಾತಿಗೆ ಬಲ ಇರುವುದು ಆ ದಿನದ ತನಕ. ಅದಕ್ಕಾಗಿ ಆರ್ಡರಿನಲ್ಲೇ ಎರಡು ಷರತ್ತು ಬರೆಸಿದ್ದೆವು: ಜ್ಯಾಮಿತಿಯ ಪರೀಕ್ಷೆ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 13041ರಂತೆ, ಸ್ಥಾನದ ನಿಖರತೆ ಐಎಸ್‌ಒ 230-2ರಂತೆ ಲೇಸರ್ ಇಟ್ಟು ತೋರಿಸಬೇಕು. ಮತ್ತು ನಾವು ತರುವ ನಮ್ಮದೇ ಫೋರ್ಜಿಂಗನ್ನು ನಮ್ಮ ಎದುರೇ ಕತ್ತರಿಸಬೇಕು.

ಫೋರ್ಜಿಂಗ್ ಮೊದಲೇ ಲಾರಿಯಲ್ಲಿ ಹೋಗಿತ್ತು. ಬೆಳಿಗ್ಗೆ ಸ್ಪಿಂಡಲ್ಲನ್ನು ಗಂಟೆಗಟ್ಟಲೆ ಓಡಿಸಿ ಬಿಸಿ ಮಾಡಿದರು. ಕಾಕಾ ಹೆಡ್‌ಸ್ಟಾಕ್ ಮೇಲೆ ಅಂಗೈ ಊರಿ ಮುಂದಿನ ಬೇರಿಂಗಿನಿಂದ ಹಿಂದಿನದರ ತನಕ ಸರಿಸುತ್ತ ನಿಂತರು. ಲೋ ಗೇರಿಗೆ ಹಾಕಿ, 53ಕ್ಕೆ ಇಟ್ಟು, 8 ಮಿ.ಮೀ. ಕಟ್ ಕೊಟ್ಟಾಗ ಆ ಕಾರ್ಖಾನೆಯ ಎಂಜಿನಿಯರ್ ಕೂಡ ಎರಡು ಹೆಜ್ಜೆ ಹಿಂದೆ ಸರಿದ. ಮೊದಲ ಕ್ಷಣ ಕರಿಯ ಚೆಕ್ಕೆ ಚಟಚಟನೆ ಹಾರಿತು. ಆಮೇಲೆ ದಪ್ಪ ಚಿಪ್ಪು ನೀಲಿಗಟ್ಟಿ, 6ರ ಅಂಕಿಯ ಆಕಾರಕ್ಕೆ ಸುರುಳಿ ಸುತ್ತಿ, ತುಂಡುತುಂಡಾಗಿ ಕನ್ವೇಯರಿಗೆ ಬೀಳತೊಡಗಿತು. ಸ್ಪಿಂಡಲ್ ಲೋಡ್ ಮೀಟರ್ ನೂರರ ಒಳಗೇ ನಿಂತಿತ್ತು, ಸದ್ದು ಒಂದೇ ಸಮನಾಗಿತ್ತು. ಕಾಕಾ ನನ್ನ ಕಡೆ ತಿರುಗಿ, "ತಮ್ಮಾ, ಎಳೆಯುತ್ತದೆ" ಎಂದರು. ಅವರ ಬಾಯಿಂದ ಅಷ್ಟು ಕೇಳುವ ತನಕ ನನ್ನ ಎದೆಬಡಿತ ತಹಬದಿಗೆ ಬಂದಿರಲಿಲ್ಲ.

ಆದರೆ ಸಹಿ ಅಂದೇ ಹಾಕಲಿಲ್ಲ. ಫಿನಿಶ್ ಕಟ್ ಮುಗಿದ ಮೇಲೆ ಎರಡು ತುದಿಯ ವ್ಯಾಸ ಅಳೆದಾಗ ಟೈಲ್‌ಸ್ಟಾಕ್ ಕಡೆ ಟೇಪರ್, ಅಂದರೆ ವ್ಯಾಸದಲ್ಲಿ ವ್ಯತ್ಯಾಸ, ಕಾಣಿಸಿತು. ಬೆಡ್ಡಿನ ಮಟ್ಟ ಸರಿಪಡಿಸಿದರೆ ಹೋಗುತ್ತದೆ, ನಿಮ್ಮ ಶೆಡ್ಡಿನಲ್ಲಿ ಮಾಡಿಕೊಡುತ್ತೇವೆ ಎಂದರು. ಇಲ್ಲಿಯೇ ಮಾಡಿ ತೋರಿಸಿ ಎಂದು ಕುಳಿತೆವು. ಅವರು ಮುನಿಸಿಕೊಂಡರು, ಆದರೂ ಟೈಲ್‌ಸ್ಟಾಕ್ ಬಿಚ್ಚಿ ಸ್ಕ್ರೇಪ್ ಮಾಡಿ ಮತ್ತೆ ಜೋಡಿಸಿ ಮರುದಿನ ತೋರಿಸಿದರು. ಬೆಡ್ಡಿನ ಮಟ್ಟದ ದೋಷವಾಗಿರದೆ ಟೈಲ್‌ಸ್ಟಾಕಿನದೇ ಆಗಿತ್ತು. ಲಾಡ್ಜಿನಲ್ಲಿ ಇನ್ನೊಂದು ರಾತ್ರಿಯ ಖರ್ಚಿಗೆ ಹೆದರಿ ಇಂಥ ಕಡೆ ಬಿಟ್ಟುಕೊಡಬೇಡಿ.

ಸಾಗಣೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬೆಲೆ ಕಾರ್ಖಾನೆಯ ಬಾಗಿಲಿನ ತನಕದ್ದು, ಲಾರಿ, ವಿಮೆ, ಇಳಿಸುವುದು ನಮ್ಮ ಹೊಣೆ. ಸಾಗಣೆ ವಿಮೆಯಲ್ಲಿ ಇಳಿಸುವಾಗಿನ ಅಪಾಯವೂ ಸೇರಿದೆಯೇ ಎಂದು ಪಾಲಿಸಿ ಓದಿ ಖಚಿತಪಡಿಸಿಕೊಳ್ಳಿ. ಶೆಡ್ಡಿನ ಬಾಗಿಲಿನ ಎತ್ತರ, ರಸ್ತೆಯ ತಿರುವು, ಮೇಲಿನ ವಿದ್ಯುತ್ ತಂತಿ ಮೊದಲೇ ಅಳೆದಿಡಿ. ನಮ್ಮಲ್ಲಿ ಗೋಡೆಯ ಒಂದು ಭಾಗ ಒಡೆದು ಒಳಗೆ ತರಬೇಕಾಯಿತು. ಹೈಡ್ರಾ ಕ್ರೇನು ಎರಡು ಬೇಕಾದವು. ಹಗ್ಗ ಬಿಗಿದು ಬೆಡ್ಡು ನೆಲದಿಂದ ಎದ್ದಾಗ ಇಡೀ ಓಣಿಯ ಶೆಡ್ಡುಗಳವರು ಕೆಲಸ ನಿಲ್ಲಿಸಿ ಬಂದು ನಿಂತಿದ್ದರು.

ಪಾಯದ ಮೇಲೆ ಕೂರಿಸಿ, ಬೋಲ್ಟಿನ ಗುಂಡಿಗಳಿಗೆ ಕುಗ್ಗದ ಗ್ರೌಟ್ ತುಂಬಿ, ಅದು ಗಟ್ಟಿಯಾಗುವ ತನಕ ಯಾರೂ ಮುಟ್ಟಲಿಲ್ಲ. ಆಮೇಲೆ ಲೆವೆಲಿಂಗ್. ಮೀಟರಿಗೆ 0.02 ಮಿ.ಮೀ. ತೋರಿಸುವ ಸ್ಪಿರಿಟ್ ಲೆವೆಲ್ಲನ್ನು ಬೆಡ್ಡಿನ ಉದ್ದಕ್ಕೂ ಅಡ್ಡಕ್ಕೂ ಇಡುತ್ತ, ಒಂದು ಕಡೆ ಬೋಲ್ಟ್ ತಿರುಗಿಸಿದರೆ ಇನ್ನೊಂದು ಕಡೆ ಗುಳ್ಳೆ ಸರಿಯುತ್ತ, ತಾಳ್ಮೆ ಪರೀಕ್ಷಿಸುವ ಕೆಲಸ. ಹಗಲು ಶೆಡ್ಡಿನ ತಗಡು ಕಾದಾಗ ಬಂದ ರೀಡಿಂಗೇ ಬೇರೆ, ಮುಂಜಾನೆ ಬಂದದ್ದೇ ಬೇರೆ. ಕೊನೆಗೆ ಮುಂಜಾನೆಯೇ ಮುಗಿಸಿದೆವು.

ತರಬೇತಿಗೆ ಬಂದವರು ಪ್ರೋಗ್ರಾಮಿಂಗ್ ಚೆನ್ನಾಗಿ ಕಲಿಸಿದರು. ಭಾರೀ ಜಾಬನ್ನು ಸೆಂಟರ್ ಹಿಡಿದು ಕೂರಿಸುವುದು, ಸ್ಟೆಡಿ ಎಲ್ಲಿ ಕೊಡಬೇಕು, ಉದ್ದನೆಯ ಶಾಫ್ಟ್ ಬಿಸಿಯಾಗಿ ಬೆಳೆದಾಗ ಸೆಂಟರಿನ ಒತ್ತಡ ಯಾವಾಗ ಸಡಿಲಿಸಬೇಕು, ಇದನ್ನೆಲ್ಲ ಕಲಿಸಿದವರು ಕಾಕಾ. ಈಗ ಹುಡುಗ ಪ್ರೋಗ್ರಾಂ ಬರೆಯುತ್ತಾನೆ, ಕಾಕಾ ಸೆಟಿಂಗ್ ಮಾಡುತ್ತಾರೆ. ಹೊಸ ಯಂತ್ರ ಬಂದರೆ ತಮಗೆ ಜಾಗವಿರುವುದಿಲ್ಲ ಎಂಬ ಅಳುಕು ಅವರಲ್ಲಿತ್ತೆಂದು ಅವರ ಮನೆಯವರಿಂದ ಆಮೇಲೆ ತಿಳಿಯಿತು. ಈಗ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವರು ಅವರೇ.

ಬಾಕಿ ಉಳಿದಿರುವುದು ಇಷ್ಟು. ಹೊಸ ಪಾಯ ಕೂರುವಷ್ಟು ಕಾಲ ಕಳೆದ ಮೇಲೆ ಲೆವೆಲಿಂಗ್ ಮತ್ತೊಮ್ಮೆ ನೋಡಬೇಕು. ಅದನ್ನು ಉಚಿತವಾಗಿ ಮಾಡಿಕೊಡುವುದೆಂದು ಆರ್ಡರಿನಲ್ಲೇ ಬರೆಸಿದ್ದೇನೆ, ನೀವೂ ಬರೆಸಿ. ವಾರಂಟಿ ಲಾರಿ ಹೊರಟ ದಿನದಿಂದ ಶುರುವಾಗುವುದೋ ಯಂತ್ರ ಚಾಲೂ ಆದ ದಿನದಿಂದಲೋ ಎಂಬುದನ್ನೂ ಆರ್ಡರಿಗೆ ಮುನ್ನವೇ ಇತ್ಯರ್ಥ ಮಾಡಿಕೊಳ್ಳಿ, ಪಾಯ ತಡವಾದರೆ ನಡುವಿನ ತಿಂಗಳುಗಳು ಸುಮ್ಮನೆ ಹೋಗುತ್ತವೆ. ಟಾರ್ಕ್ ಗ್ರಾಫಿನ ಲೆಕ್ಕದಲ್ಲಿ ತೊಡಕೆನ್ನಿಸಿದರೆ ನಿಮ್ಮ ಜಾಬಿನ ವ್ಯಾಸ, ಕಟ್ಟಿನ ಆಳ, ಫೀಡ್ ಬರೆದು ಕೇಳಿ, ಕುಳಿತು ಲೆಕ್ಕ ಹಾಕಿ ಕೊಡುತ್ತೇನೆ. ಸಂಜೆ ಏಳರ ನಂತರವಾದರೆ ಪಕ್ಕದಲ್ಲಿ ಕಾಕಾ ಕೂಡ ಇರುತ್ತಾರೆ.